ಕಾಡುಕುದುರೆಯ ಜಾಡಿನಲ್ಲಿ: ಜರ್ಮನಿಯ ಆರು ಮೃಗಾಲಯಗಳು

ನನ್ನ ಮಗಳು ಒಂದೇ ಪ್ರಾಣಿಯ ಚಿತ್ರವನ್ನು ನಾಲ್ಕು ವರ್ಷಗಳಿಂದ ಬರೆಯುತ್ತಲೇ ಇದ್ದಾಳೆ. ಗಿಡ್ಡ ಕಾಲು, ದಪ್ಪ ಕತ್ತು, ಬ್ರಷ್ಷಿನಂತೆ ನೆಟ್ಟಗೆ ನಿಂತ ಜೂಲು, ಹಿಟ್ಟಿನಲ್ಲಿ ಅದ್ದಿ ತೆಗೆದಂತಹ ಬಿಳಿಯ ಮೂತಿ. ಅದು ಮಂಗೋಲಿಯದ ಕಾಡುಕುದುರೆ. ಅಲ್ಲಿನವರು ಅದನ್ನು ತಾಖಿ ಎನ್ನುತ್ತಾರೆ. ಅದನ್ನು ಕಣ್ಣಾರೆ ನೋಡಬೇಕೆಂಬ ಅವಳ ಹಟವೇ ಬೆಳೆದು ಜರ್ಮನಿಯ ಮೃಗಾಲಯಗಳ ಪ್ರವಾಸವಾಯಿತು.

ಮೊದಲು ಬರೆದುಕೊಂಡ ಪಟ್ಟಿಯಲ್ಲಿ ಹದಿನಾಲ್ಕು ಮೃಗಾಲಯಗಳಿದ್ದವು. ನಕಾಶೆಯನ್ನು ಮೇಜಿನ ಮೇಲೆ ಹರಡಿ ದೂರ ಲೆಕ್ಕ ಹಾಕುತ್ತಾ ಕುಳಿತಾಗ, ಅಷ್ಟನ್ನೂ ನೋಡಲು ಹೊರಟರೆ ನೋಡುವುದು ರೈಲು ನಿಲ್ದಾಣಗಳನ್ನೇ ಹೊರತು ಪ್ರಾಣಿಗಳನ್ನಲ್ಲ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಎರಡು ನಿಯಮಗಳನ್ನು ಮಾಡಿಕೊಂಡೆವು. ಒಂದು ದಿನಕ್ಕೆ ಒಂದೇ ಮೃಗಾಲಯ. ಮತ್ತು ಪ್ರತಿಯೊಂದನ್ನೂ ಅದು ಪ್ರಾಣಿಗಳನ್ನು ಇಟ್ಟುಕೊಂಡ ರೀತಿ ಉಳಿದವುಗಳಿಗಿಂತ ಬೇರೆಯಾಗಿದ್ದರೆ ಮಾತ್ರ ಆರಿಸಿಕೊಳ್ಳುವುದು. ಬರ್ಲಿನ್‌ಗೆ ಇಳಿದು ಫ್ರಾಂಕ್‌ಫರ್ಟ್‌ನಿಂದ ಹಿಂದಿರುಗುವಂತೆ ವಿಮಾನದ ಟಿಕೆಟ್ ತೆಗೆದುಕೊಂಡದ್ದರಿಂದ ಬಂದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯಿತು. ಅಕ್ಟೋಬರ್ ತಿಂಗಳನ್ನು ಆರಿಸಿಕೊಂಡದ್ದು ಬೇಸಿಗೆಯ ಜನಜಂಗುಳಿ ಇರುವುದಿಲ್ಲ, ಪ್ರಾಣಿಗಳು ಇನ್ನೂ ಹೊರಗೇ ಇರುತ್ತವೆ ಎಂಬ ಕಾರಣಕ್ಕೆ. ಬಾಗಿಲು ಬೇಗ ಮುಚ್ಚುವ ಕಾಲವೂ ಅದೇ ಎಂಬುದನ್ನು ಮಾತ್ರ ನಾವು ಮನಸ್ಸಿಗೆ ತಂದುಕೊಂಡಿರಲಿಲ್ಲ.

ಮೊದಲ ದಿನ: ಬರ್ಲಿನ್ ಮೃಗಾಲಯ

ಬೆಳಿಗ್ಗೆ ಒಂಬತ್ತಕ್ಕೆ ಆನೆಬಾಗಿಲಿನ ಮುಂದೆ ನಿಂತಾಗ ನಮ್ಮ ಬಾಯಿಂದ ಹೊಗೆಯಂತೆ ಉಸಿರು ಹೊರಡುತ್ತಿತ್ತು. ಕಲ್ಲಿನ ಎರಡು ಆನೆಗಳು ಮಂಡಿಯೂರಿ ಕಮಾನನ್ನು ಹೊತ್ತಿರುವ ಈ ಬಾಗಿಲು ಯುದ್ಧದಲ್ಲಿ ನಾಶವಾಗಿ, ಅನಂತರ ಮತ್ತೆ ಕಟ್ಟಿದ್ದು. ಒಳಗಿನ ಮೃಗಾಲಯ ಆರಂಭವಾದದ್ದು 1844ರ ಆಗಸ್ಟ್ 1ರಂದು. ಜರ್ಮನಿಯಲ್ಲಿ ಇದಕ್ಕಿಂತ ಹಳೆಯ ಮೃಗಾಲಯವಿಲ್ಲ. ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ತನ್ನ ಫೆಸೆಂಟ್ ಹಕ್ಕಿಗಳ ತೋಟದ ಜಾಗವನ್ನೂ ಪ್ರಾಣಿಗಳನ್ನೂ ಕೊಟ್ಟಿದ್ದರಿಂದ ಇದು ಸಾಧ್ಯವಾಯಿತು.

ಜನ ನೇರವಾಗಿ ಪಾಂಡಾಗಳತ್ತ ನಡೆದರು. 2024ರ ಆಗಸ್ಟ್‌ನಲ್ಲಿ ಹುಟ್ಟಿದ ಅವಳಿ ಮರಿಗಳನ್ನು ನೋಡಲು ಗಾಜಿನ ಮುಂದೆ ಮೂರು ಸಾಲು ನಿಂತಿತ್ತು. ನಾವು ಅದನ್ನು ಸಂಜೆಗೆ ಬಿಟ್ಟು ನೀರಾನೆಗಳ ಮನೆಗೆ ಹೋದದ್ದು ಒಳ್ಳೆಯದಾಯಿತು. ಗಾಜಿನ ಗುಮ್ಮಟಗಳ ಕೆಳಗೆ ಹಸಿರು ನೀರಿನ ಕೊಳ; ಕೊಳದ ಒಂದು ಬದಿ ಪೂರ್ತಿ ಗಾಜು. ನೆಲದ ಮೇಲೆ ಮೈಭಾರಕ್ಕೆ ಕುಸಿಯುವಂತೆ ಕಾಣುವ ಆ ಪ್ರಾಣಿ, ನೀರಿನ ತಳದಲ್ಲಿ ತುದಿಗಾಲಿನ ಮೇಲೆ ನಡೆದು ಬಂದು ಗಾಜಿಗೆ ಮೂಗು ತಾಗಿಸಿ ನಿಂತಿತು. ಅದರ ಕಣ್ಣಿನ ಸುತ್ತಲಿನ ನಸುಗೆಂಪು ಸುಕ್ಕುಗಳನ್ನೂ, ಮೂತಿಯ ಮೇಲಿನ ಒಂದೊಂದು ಗಡುಸು ಕೂದಲನ್ನೂ ಎಣಿಸಬಹುದಿತ್ತು. ಆ ಹೊತ್ತಿಗೆ ಅಲ್ಲಿ ಇದ್ದವರು ನಾವಿಬ್ಬರೇ.

ಈ ಮೃಗಾಲಯದಲ್ಲಿ ನೀರಾನೆಗಳಿಗೊಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಬಾಂಬುಗಳು ನಿಂತಾಗ ಇಲ್ಲಿದ್ದ 3,715 ಪ್ರಾಣಿಗಳಲ್ಲಿ ಜೀವಂತ ಉಳಿದಿದ್ದು 91 ಮಾತ್ರ. ಕ್ನೌಟ್ಶ್ಕೆ ಎಂಬ ಎಳೆಯ ಗಂಡು ನೀರಾನೆ ಅವುಗಳಲ್ಲೊಂದು. ಮುರಿದು ಬಿದ್ದ ಮೃಗಾಲಯವನ್ನು ಹಸಿವಿನ ಆ ವರ್ಷಗಳಲ್ಲಿ ಕಟ್ಟಿ ನಿಲ್ಲಿಸಿದವರು ಕ್ಯಾಥರೀನಾ ಹೈನ್‌ರೋತ್ ಎಂಬ ಪ್ರಾಣಿಶಾಸ್ತ್ರಜ್ಞೆ. ತಮಗೇ ತಿನ್ನಲು ಇಲ್ಲದ ಕಾಲದಲ್ಲಿ ಒಂದು ಊರಿನ ಜನ ಒಂದು ನೀರಾನೆಯನ್ನು ಬದುಕಿಸಿಕೊಂಡರು ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಆದರೆ ಅದೇ ಊರಿನ ಇನ್ನೊಂದು ಸಂಗತಿ ಜಿಂಕೆ ಜಾತಿಯ ಪ್ರಾಣಿಗಳಿರುವ ಹಳೆಯ ಮನೆಯ ಗೋಡೆಯ ಮೇಲಿನ ಫಲಕದಲ್ಲಿದೆ. ಈ ಮೃಗಾಲಯ ಷೇರುದಾರರ ಸಂಸ್ಥೆಯಾಗಿತ್ತು. ಷೇರುದಾರರಲ್ಲಿ ಅನೇಕರು ಯೆಹೂದ್ಯರು. ನಾಜಿಗಳ ಕಾಲದಲ್ಲಿ ಅವರಿಂದ ಷೇರುಗಳನ್ನು ಒತ್ತಾಯದಿಂದ ಮಾರಿಸಿ, ಕೊನೆಗೆ ಬಾಗಿಲೊಳಗೆ ಕಾಲಿಡದಂತೆ ಮಾಡಲಾಯಿತು. ಮಗಳು ಫಲಕವನ್ನು ಎರಡು ಸಲ ಓದಿ, “ಅಪ್ಪ, ಪ್ರಾಣಿಗಳನ್ನು ನೋಡಲಿಕ್ಕೂ ಬಿಡಲಿಲ್ಲವಾ?” ಎಂದಳು. ಇಲ್ಲ ಎಂದೆ. ಅವಳು ಆ ಮಾತನ್ನು ತನ್ನ ಚಿತ್ರದ ಪುಸ್ತಕದಲ್ಲಿ ಬರೆದುಕೊಂಡಳು.

ಮಧ್ಯಾಹ್ನ ತುಂತುರು ಮಳೆ. ವಾನರಗಳ ಮನೆಯೊಳಗೆ ನಿಂತು ಫಾತು ಎಂಬ ಗೊರಿಲ್ಲಾಳನ್ನು ನೋಡಿದೆವು. 1959ರಲ್ಲಿ ಇಲ್ಲಿಗೆ ಬಂದ ಅವಳ 68ನೆಯ ಹುಟ್ಟುಹಬ್ಬವನ್ನು 2025ರ ಏಪ್ರಿಲ್‌ನಲ್ಲಿ ಆಚರಿಸಿದ್ದರು. ಮನುಷ್ಯರ ಆರೈಕೆಯಲ್ಲಿರುವ ಗೊರಿಲ್ಲಾಗಳಲ್ಲೇ ಹಿರಿಯಳು. ಗುಂಪಿನ ಗಲಾಟೆ ಬೇಡವೆಂದು ಅವಳಿಗೆ ಪ್ರತ್ಯೇಕ ವಾಸ. ನಮಗೆ ಬೆನ್ನು ಹಾಕಿ ಕುಳಿತು, ಸೊಪ್ಪಿನ ಎಲೆಯನ್ನು ಒಂದೊಂದಾಗಿ ಬಿಡಿಸಿ, ತಿರುಗಿಸಿ ನೋಡಿ ಬಾಯಿಗಿಡುತ್ತಿದ್ದಳು. ಪಕ್ಕದಲ್ಲಿದ್ದ ವೃದ್ಧರೊಬ್ಬರು ತಾವು ಪ್ರತಿ ವಾರ ಅವಳನ್ನು ನೋಡಲು ಬರುವುದಾಗಿಯೂ, ಚಿಕ್ಕ ಹುಡುಗನಾಗಿದ್ದಾಗ ಅವಳೂ ಚಿಕ್ಕವಳಿದ್ದಳೆಂದೂ ಹೇಳಿದರು. ಸಂಜೆ ಜನ ಕರಗಿದ ಮೇಲೆ ಪಾಂಡಾಗಳ ಗಾಜಿನ ಮುಂದೆ ನಾಲ್ಕೇ ಮಂದಿ ಉಳಿದಿದ್ದೆವು. ಜನಪ್ರಿಯ ಪ್ರಾಣಿಯನ್ನು ಕೊನೆಗೆ ಇಟ್ಟುಕೊಳ್ಳುವ ಈ ಪಾಠ ಮುಂದೆಯೂ ನಮಗೆ ಒದಗಿತು.

ಎರಡನೆಯ ದಿನ: ಟಿಯರ್‌ಪಾರ್ಕ್

ಬರ್ಲಿನ್‌ನಲ್ಲಿ ಎರಡು ಮೃಗಾಲಯಗಳಿರುವುದು ಊರು ಎರಡಾಗಿದ್ದುದರ ಫಲ. ಹಳೆಯದು ಪಶ್ಚಿಮದ ಪಾಲಾದದ್ದರಿಂದ, ಪೂರ್ವದವರು ಫ್ರೆಡ್ರಿಕ್ಸ್‌ಫೆಲ್ಡೆಯ ಅರಮನೆಯ ತೋಟದಲ್ಲಿ ತಮ್ಮದೇ ಒಂದನ್ನು 1955ರ ಜುಲೈ 2ರಂದು ತೆರೆದರು. ನೆಲ ಅಗೆದು ದಾರಿ ಮಾಡಲು ಸಾಮಾನ್ಯ ನಾಗರಿಕರು ಬಿಡುವಿನ ಹೊತ್ತಿನಲ್ಲಿ ಬಂದು ದುಡಿದಿದ್ದರು. ಹೈನ್ರಿಖ್ ದಾತೆ ಎಂಬ ನಿರ್ದೇಶಕರು 1990ರವರೆಗೆ ಇದನ್ನು ನಡೆಸಿದರು. ವಿಸ್ತಾರ 160 ಹೆಕ್ಟೇರ್. ಹಳೆಯ ಮೃಗಾಲಯದ ಐದರಷ್ಟು. ಐದನೆಯ ಮಾರ್ಗದ ಮೆಟ್ರೊ ಬಾಗಿಲಿನ ಎದುರಿಗೇ ಇಳಿಸುತ್ತದೆ. ಆಮೇಲೆಲ್ಲ ಕಾಲೇ ಗತಿ. ಚಿಕ್ಕ ಮಕ್ಕಳಿರುವವರು ಬಾಗಿಲಲ್ಲೇ ಬಾಡಿಗೆಗೆ ಸಿಗುವ ಕೈಗಾಡಿಯನ್ನು ತೆಗೆದುಕೊಳ್ಳುತ್ತಿದ್ದುದರ ಕಾರಣ ನಮಗೆ ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು.

ಇಲ್ಲಿ ಗೊರಸಿನ ಪ್ರಾಣಿಗಳೇ ಹೆಚ್ಚು. ಅಗಲವಾದ ಹುಲ್ಲುಗಾವಲು, ಮಧ್ಯೆ ಓಕ್ ಮರಗಳು, ಹಳದಿ ಎಲೆಗಳ ಮೇಲೆ ಮಂಜಿನ ಹನಿ. ದಾರಿಯಲ್ಲಿ ಬಿದ್ದ ಕಾಡು ಚೆಸ್ಟ್‌ನಟ್ ಬೀಜಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು; ಮಗಳ ಎರಡೂ ಜೇಬು ಅವುಗಳಿಂದ ತುಂಬಿದವು. ಒಂದು ತಿರುವಿನಲ್ಲಿ ಅವಳು ಥಟ್ಟನೆ ನಿಂತಳು. ಬೇಲಿಯಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ತಾಖಿಗಳು.

ಚಿತ್ರದಲ್ಲಿ ಕಾಣದ ಸಂಗತಿಗಳು ಎಷ್ಟೊಂದು! ಮೈ ಬಣ್ಣ ಒಣಹುಲ್ಲಿನದು, ಆದರೆ ಹೊಟ್ಟೆಯತ್ತ ಬಂದಂತೆ ಕೆನೆಯಾಗುತ್ತದೆ. ಬೆನ್ನಿನ ಮೇಲೆ ಒಂದು ಕಪ್ಪು ಗೆರೆ. ಹಣೆಯ ಮೇಲೆ ಇಳಿಬೀಳುವ ಕೂದಲೇ ಇಲ್ಲ. ಒಂದು ಹೆಣ್ಣು ಕುದುರೆ ಇನ್ನೊಂದರ ಕತ್ತಿಗೆ ಕತ್ತು ಕೊಟ್ಟು ನಿಂತು, ಅದರ ಭುಜವನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಿತ್ತು. ಚಳಿಗಾಲದ ಹೊಸ ಕೂದಲು ಆಗಲೇ ದಟ್ಟವಾಗಿ ಬಂದಿತ್ತು. ಮಗಳು ಬೆಂಚಿನ ಮೇಲೆ ಕುಳಿತು ಒಂದೂವರೆ ಗಂಟೆ ಬರೆದಳು. ನಾನು ಸುಮ್ಮನೆ ನೋಡಿದೆ.

ಈ ಕುದುರೆಗಳ ಕತೆಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಹ್ಯಾಂಬರ್ಗ್‌ನಲ್ಲಿ ಅದು ಮತ್ತೆ ಎದುರಾಗುತ್ತದೆ. 1960ರ ದಶಕದ ಕೊನೆಗೆ ಮಂಗೋಲಿಯದ ಬಯಲಿನಲ್ಲಿ ಇವು ಕಾಣಸಿಗುವುದು ನಿಂತುಹೋಯಿತು. ಕಾಡಿನಲ್ಲಿ ಅಳಿದವೆಂದು ಪರಿಗಣಿಸಲಾಯಿತು. ಆಗ ಉಳಿದಿದ್ದವು ಮೃಗಾಲಯಗಳಲ್ಲಿದ್ದವು ಮಾತ್ರ. ಇಂದು ಬದುಕಿರುವ ತಾಖಿಗಳೆಲ್ಲವೂ ಹಿಂದೆ ಹಿಡಿದು ತಂದ ಹನ್ನೆರಡರಷ್ಟು ಕಾಡುಕುದುರೆಗಳ ಸಂತತಿ. 1992ರಿಂದ ಅವುಗಳನ್ನು ಮಂಗೋಲಿಯಕ್ಕೆ ಹಿಂದಿರುಗಿಸುವ ಕೆಲಸ ನಡೆದಿದೆ.

ಸಂಜೆ ಬಾಗಿಲ ಬಳಿ ಬಂದಾಗ ಮಗಳ ಮುಖ ಬಿಳಿಚಿಕೊಂಡಿತು. ಪುಸ್ತಕ ಬೆಂಚಿನ ಮೇಲೆಯೇ ಉಳಿದಿತ್ತು. ಬಾಗಿಲು ಮುಚ್ಚಲು ಅರ್ಧ ಗಂಟೆಯೂ ಇರಲಿಲ್ಲ, ಮಳೆ ಬೇರೆ ಬಿರುಸಾಗಿತ್ತು. ಒದ್ದೆ ಎಲೆಗಳ ಮೇಲೆ ಜಾರುತ್ತಾ, ಎರಡು ಸಲ ದಾರಿ ತಪ್ಪಿ ಓಡಿದೆವು. ಬೆಂಚು ಬರಿದಾಗಿತ್ತು. ಆವರಣದ ಪಕ್ಕದ ಕೊಟ್ಟಿಗೆಯಿಂದ ರಬ್ಬರ್ ಬೂಟಿನ ಹೆಂಗಸೊಬ್ಬರು ಕೈ ಬೀಸಿದರು. ಪುಸ್ತಕ ಅವರ ಕೋಟಿನ ಒಳಜೇಬಿನಲ್ಲಿ ಬೆಚ್ಚಗಿತ್ತು. ಕೊಡುವ ಮೊದಲು ಅನುಮತಿ ಕೇಳಿ ಹಾಳೆ ತಿರುವಿ, ಒಂದು ಚಿತ್ರದ ಮೇಲೆ ಬೆರಳಿಟ್ಟು, “ಕಿವಿ ಇಷ್ಟು ಉದ್ದ ಇಲ್ಲ, ನೋಡು” ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮನ್ನು ಬಾಗಿಲವರೆಗೆ ಸಣ್ಣ ವಿದ್ಯುತ್ ಗಾಡಿಯಲ್ಲಿ ಕರೆದೊಯ್ಯುತ್ತಾ, 2024ರ ಜೂನ್‌ನಲ್ಲಿ ಬರ್ಲಿನ್ ಮತ್ತು ಪ್ರಾಗ್‌ನಿಂದ ಏಳು ತಾಖಿಗಳು ಕಜಕಸ್ತಾನದ ಹುಲ್ಲುಗಾವಲಿಗೆ ವಿಮಾನದಲ್ಲಿ ಹೋದದ್ದನ್ನು ವಿವರಿಸಿದರು. ಪೆಟ್ಟಿಗೆಯ ಬಾಗಿಲು ತೆರೆದಾಗ ಅವು ಹಿಂತಿರುಗಿ ನೋಡಲಿಲ್ಲವಂತೆ. ಅದನ್ನು ಹೇಳುವಾಗ ಅವರ ಧ್ವನಿಯಲ್ಲಿ ಸಂತೋಷವೂ ಇತ್ತು, ಸ್ವಲ್ಪ ನೋವೂ ಇತ್ತು.

ಮೂರನೆಯ ದಿನ: ಲೈಪ್ಸಿಗ್

ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಹನ್ನೆರಡನೆಯ ಸಂಖ್ಯೆಯ ಟ್ರಾಮ್‌ನಲ್ಲಿ ಕೆಲವೇ ನಿಮಿಷ. ಚೀಲಗಳನ್ನು ರೈಲು ನಿಲ್ದಾಣದ ಲಾಕರ್‌ನಲ್ಲಿ ಇಟ್ಟೆವು. ಅದಕ್ಕೆ ನಾಣ್ಯಗಳು ಕೈಯಲ್ಲಿರಬೇಕು.

ಈ ಮೃಗಾಲಯವನ್ನು 1878ರಲ್ಲಿ ಆರಂಭಿಸಿದ ಅರ್ನ್ಸ್ಟ್ ಪಿಂಕರ್ಟ್ ಒಂದು ಹೋಟೆಲಿನ ಮಾಲೀಕ. ಗಿರಾಕಿಗಳು ಬರಲೆಂದು ಪ್ರಾಣಿಗಳನ್ನು ಇಟ್ಟವನು. ಮುಂದೆ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಂಹಗಳು ಹುಟ್ಟಿ ಲೋಕದ ಮೂಲೆಮೂಲೆಗೆ ಹೋದವು. ಸಿಂಹಗಳ ಕಾರ್ಖಾನೆ ಎಂದೇ ಜನ ಕರೆಯುತ್ತಿದ್ದರಂತೆ. 1913ರ ಅಕ್ಟೋಬರ್‌ನ ಒಂದು ರಾತ್ರಿ ಇದೇ ಊರಿನ ಬೀದಿಯಲ್ಲಿ ಸರ್ಕಸ್ಸೊಂದರ ಎಂಟು ಸಿಂಹಗಳು ತಪ್ಪಿಸಿಕೊಂಡಾಗ ಪೊಲೀಸರು ಆರನ್ನು ಗುಂಡಿಟ್ಟು ಕೊಂದರು.

ಇಂದಿನ ಲೈಪ್ಸಿಗ್ ಆ ಕಾಲವನ್ನು ಬಹಳ ಹಿಂದೆ ಬಿಟ್ಟಿದೆ. 2011ರಲ್ಲಿ ತೆರೆದ ಗೊಂಡ್ವಾನಾಲ್ಯಾಂಡ್ ಎಂಬ ಮಳೆಕಾಡು 16,500 ಚದರ ಮೀಟರ್‌ನ ಒಂದೇ ಸೂರಿನ ಕೆಳಗಿದೆ. ನಡುವೆ ಆಸರೆಗೆ ಒಂದು ಕಂಬವಿಲ್ಲ. ಹೊರಗೆ ಎಂಟು ಡಿಗ್ರಿ, ಒಳಗೆ ಇಪ್ಪತ್ತೈದು. ಬಾಗಿಲು ದಾಟಿದ ಕ್ಷಣಕ್ಕೆ ನನ್ನ ಕನ್ನಡಕ, ಕ್ಯಾಮೆರಾದ ಮಸೂರ ಎರಡೂ ಮಂಜು ಹಿಡಿದು ಕುರುಡಾದವು. ಒರೆಸಿದಷ್ಟೂ ಮತ್ತೆ ಹಿಡಿಯುತ್ತಿತ್ತು. ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು, ಕಾಲು ಗಂಟೆ ಕಳೆದು ತೆಗೆಯುವುದೊಂದೇ ದಾರಿ ಎಂದು ಅಲ್ಲಿನ ಕಾವಲುಗಾರರು ಹೇಳಿದರು. ಆ ಕಾಲು ಗಂಟೆ ಕಣ್ಣಿಗಿಂತ ಮೊದಲು ಮೂಗು, ಕಿವಿಗಳಿಗೆ ಕಾಡು ಸಿಕ್ಕಿತು: ಕೊಳೆತ ಎಲೆಯ ವಾಸನೆ, ಎಲ್ಲೋ ನೀರು ಸುರಿಯುವ ಸದ್ದು, ತಲೆಯ ಮೇಲೆ ಕೊಂಬೆ ಅಲುಗುವ ಸದ್ದು. ದೋಣಿಯಲ್ಲಿ ಕುಳಿತು ಆ ಕಾಡಿನೊಳಗಿನ ಹೊಳೆಯಲ್ಲಿ ಸಾಗುವಾಗ, ಮಲಯದ ಟೇಪಿರ್ ಒಂದು ದಡದ ಕೆಸರಿನಲ್ಲಿ ಮಲಗಿ ಸೊಂಡಿಲಿನಂತಹ ಮೂಗನ್ನು ನಮ್ಮತ್ತ ತಿರುಗಿಸಿತು.

ಪೊಂಗೋಲ್ಯಾಂಡ್ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. 2001ರಲ್ಲಿ ಆರಂಭವಾದ ಈ ವಾನರ ನೆಲೆಯನ್ನು ಮ್ಯಾಕ್ಸ್ ಪ್ಲಾಂಕ್ ವಿಕಾಸಾತ್ಮಕ ಮಾನವಶಾಸ್ತ್ರ ಸಂಸ್ಥೆಯೊಡನೆ ಸೇರಿ ಕಟ್ಟಿದ್ದಾರೆ. ಚಿಂಪಾಂಜಿಗಳು ತಮ್ಮ ಇಷ್ಟದಿಂದ ಪ್ರಯೋಗದ ಕೋಣೆಗೆ ಬಂದು ಒಗಟು ಬಿಡಿಸುತ್ತವೆ; ಬೇಡವೆನಿಸಿದರೆ ಎದ್ದು ಹೋಗುತ್ತವೆ. ಹೊರಗಿನ ಆವರಣದಲ್ಲಿ ಒಂದು ಹೆಣ್ಣು ಕಡ್ಡಿಯೊಂದನ್ನು ಹಲ್ಲಿನಿಂದ ಸೀಳಿ ಸಣ್ಣಗೆ ಮಾಡಿ, ತೂತಿಗೆ ಹಾಕಿ ನೋಡಿ, ದಪ್ಪವಾಯಿತೆಂದು ತೆಗೆದು ಮತ್ತೆ ಸೀಳಿತು. ಮೂರನೆಯ ಸಲಕ್ಕೆ ಅದು ಒಳಗೆ ಹೋಯಿತು. ಅಷ್ಟು ಹೊತ್ತೂ ಅದರ ಮರಿ ಅಮ್ಮನ ಕೈಯನ್ನೇ ನೋಡುತ್ತಿತ್ತು.

ಆನೆಗಳ ನೆಲೆಯ ಹೆಸರು ಗಣೇಶ ಮಂದಿರ! ಜರ್ಮನ್ ಅಕ್ಷರಗಳಲ್ಲಿ ಆ ಹೆಸರನ್ನು ಕಂಡು ಮಗಳು ಜೋರಾಗಿ ಓದಿದಾಗ, ಪಕ್ಕದಲ್ಲಿ ಮೊಮ್ಮಗನೊಂದಿಗಿದ್ದ ಅಜ್ಜಿಯೊಬ್ಬರು ಗಣೇಶ ಯಾರೆಂದು ಕೇಳಿದರು. ತಲೆ ಕಡಿದ ಕತೆಯನ್ನು ಐದು ವರ್ಷದ ಹುಡುಗನ ಮುಂದೆ ಹೇಗೆ ಹೇಳುವುದೆಂದು ನಾನು ಹಿಂಜರಿದೆ, ಮಗಳು ಹಿಂಜರಿಯಲಿಲ್ಲ. ಹುಡುಗ ಕೇಳಿದ್ದು ಒಂದೇ ಪ್ರಶ್ನೆ: ತಲೆ ಕೊಟ್ಟ ಆನೆಗೆ ಆಮೇಲೆ ಏನಾಯಿತು? ನಮ್ಮಿಬ್ಬರಲ್ಲಿ ಯಾರಿಗೂ ಅದಕ್ಕೆ ಉತ್ತರ ಸಿಗಲಿಲ್ಲ. ಅಷ್ಟರಲ್ಲಿ ಆನೆಯೊಂದು ಕೊಳಕ್ಕಿಳಿಯಿತು. ಗಾಜಿನ ಗೋಡೆಯ ಆಚೆ ಅದರ ನಾಲ್ಕು ಕಾಲುಗಳು ನೆಲ ಬಿಟ್ಟು ತೇಲಿದ್ದನ್ನು ನಾವೆಲ್ಲ ಒಟ್ಟಿಗೆ ನೋಡಿದೆವು.

ಸಂಜೆ ಆ ಅಜ್ಜಿಯೇ ಹೇಳಿದ ಬೇಕರಿಯಲ್ಲಿ ಲೈಪ್ಸಿಗ್‌ನ ಲಾರ್ಕ್ ಎಂಬ ಸಿಹಿ ತಿಂದೆವು. ಬಾದಾಮಿಯ ಹೂರಣ ತುಂಬಿದ ಪುಟ್ಟ ಕಡುಬಿನಂತಹ ತಿಂಡಿ. ಮೇಲೆ ಹಿಟ್ಟಿನ ಎರಡು ಪಟ್ಟಿಗಳು ಅಡ್ಡಹಾಯುತ್ತವೆ. ಹಿಂದೆ ಈ ಊರಿನವರು ನಿಜವಾದ ಲಾರ್ಕ್ ಹಕ್ಕಿಗಳನ್ನು ದಾರದಿಂದ ಕಟ್ಟಿ ಬೇಯಿಸಿ ತಿನ್ನುತ್ತಿದ್ದರು. 1876ರಲ್ಲಿ ಸ್ಯಾಕ್ಸನಿಯ ದೊರೆ ಅವುಗಳ ಬೇಟೆಯನ್ನು ನಿಷೇಧಿಸಿದಾಗ, ಬೇಕರಿಯವರು ಹಕ್ಕಿಯ ಬದಲಿಗೆ ಈ ಸಿಹಿಯನ್ನು ಮಾಡಿದರು. ಪಟ್ಟಿಗಳು ಆ ದಾರದ ನೆನಪು.

ನಾಲ್ಕನೆಯ ದಿನ: ಹ್ಯಾಂಬರ್ಗ್‌ನ ಮಳೆ

ಮಳೆಕಾಡಿನ ಬಿಸಿಯಿಂದ ಒದ್ದೆ ಅಂಗಿಯಲ್ಲೇ ಚಳಿಗೆ ಬಂದದ್ದರ ಪರಿಣಾಮವಾಗಿ ಮಗಳಿಗೆ ನೆಗಡಿ, ಮೈಬೆಚ್ಚಗಾಯಿತು. ಹ್ಯಾಂಬರ್ಗ್ ತಲುಪಿದಾಗ ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಭಾನುವಾರಕ್ಕೆ ಬೇಕಾದದ್ದನ್ನು ಶನಿವಾರವೇ ಕೊಳ್ಳಬೇಕೆಂಬುದು ಗೊತ್ತಿದ್ದೂ ಮರೆತಿದ್ದೆ. ಔಷಧದ ಅಂಗಡಿಗಳು ಮಾತ್ರ ಸರದಿಯಂತೆ ತೆರೆದಿರುತ್ತವೆ. ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಅಂದಿನ ಸರದಿ ಯಾರದೆಂದು ಬರೆದಿರುತ್ತದೆ. ಸಣ್ಣ ಕಿಟಕಿಯ ಮೂಲಕ ಔಷಧ ಕೊಟ್ಟ ಹೆಂಗಸು ಮರುದಿನ ಮೃಗಾಲಯಕ್ಕೆ ಹೋಗುವುದಿದೆಯೆಂದು ಕೇಳಿ, ಬಾಲ್ಯದಲ್ಲಿ ಅಲ್ಲಿನ ಆನೆ ತನ್ನ ಕೈಯಿಂದ ಕ್ಯಾರೆಟ್ ತೆಗೆದುಕೊಂಡಾಗ ಸೊಂಡಿಲಿನ ತುದಿ ಒದ್ದೆಯಾಗಿಯೂ ಬೆಚ್ಚಗೂ ಇದ್ದುದನ್ನು ನೆನೆದರು. “ಇವತ್ತು ಮಲಗಿಸಿ, ನಾಳೆ ಕರೆದುಕೊಂಡು ಹೋಗಿ” ಎಂದರು. ಹಾಗೆಯೇ ಮಾಡಿದೆವು. ನಿಲ್ದಾಣದಲ್ಲಿ ಕೊಂಡಿದ್ದ, ದಾಲ್ಚಿನ್ನಿ ಮತ್ತು ಬೆಣ್ಣೆಯ ಫ್ರಾನ್ಸ್‌ಬ್ರೋಟ್‌ಖೆನ್ ಎಂಬ ಸುರುಳಿ ಬನ್ನುಗಳೇ ಅಂದಿನ ಊಟ.

ಐದನೆಯ ದಿನ: ಹಾಗೆನ್‌ಬೆಕ್

ಈ ಪ್ರವಾಸದಲ್ಲಿ ನನ್ನ ಮನಸ್ಸನ್ನು ಎರಡು ಕಡೆಗೆ ಎಳೆದ ಜಾಗ ಇದು.

1848ರಲ್ಲಿ ಹ್ಯಾಂಬರ್ಗ್‌ನ ಮೀನು ವ್ಯಾಪಾರಿಯೊಬ್ಬನಿಗೆ ಬೆಸ್ತರು ಬಲೆಗೆ ಸಿಕ್ಕ ಆರು ಸೀಲ್‌ಗಳನ್ನು ತಂದುಕೊಟ್ಟರು. ಅವನು ಅವನ್ನು ಮರದ ತೊಟ್ಟಿಗಳಲ್ಲಿಟ್ಟು ಕಾಸು ಪಡೆದು ಜನರಿಗೆ ತೋರಿಸಿದ. ಆಗ ಪುಟ್ಟ ಹುಡುಗನಾಗಿದ್ದ ಅವನ ಮಗ ಕಾರ್ಲ್ ಹಾಗೆನ್‌ಬೆಕ್ ಮುಂದೆ ಲೋಕದ ಅತಿ ದೊಡ್ಡ ಪ್ರಾಣಿ ವ್ಯಾಪಾರಿಯಾದ. 1907ರ ಮೇ 7ರಂದು ಅವನು ಹ್ಯಾಂಬರ್ಗ್ ಅಂಚಿನ ಸ್ಟೆಲ್ಲಿಂಗೆನ್‌ನಲ್ಲಿ ತೆರೆದ ಮೃಗಾಲಯದಲ್ಲಿ ಕಂಬಿಗಳೇ ಇರಲಿಲ್ಲ. ತನ್ನ ಪ್ರಾಣಿಗಳು ಎಷ್ಟು ದೂರ, ಎಷ್ಟು ಎತ್ತರ ನೆಗೆಯಬಲ್ಲವೆಂದು ಪರೀಕ್ಷಿಸಿ ತಿಳಿದುಕೊಂಡು, ಅದಕ್ಕೆ ತಕ್ಕ ಕಂದಕ ತೋಡಿಸಿದ; ಈ ಏರ್ಪಾಡಿಗೆ 1896ರಲ್ಲಿಯೇ ಪೇಟೆಂಟ್ ಪಡೆದಿದ್ದ. ಮುಂದೆ ಕೊಳ, ಅದರ ಹಿಂದೆ ಹುಲ್ಲು ಮೇಯುವ ಪ್ರಾಣಿಗಳು, ಅವುಗಳ ಹಿಂದೆ ಸಿಂಹಗಳು, ಎಲ್ಲಕ್ಕೂ ಹಿಂದೆ ಕೃತಕ ಬಂಡೆಗಳ ಬೆಟ್ಟ. ಕಂದಕಗಳು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ನಾವು ನಿಂತಿದ್ದಾಗ ಮೋಡ ಸರಿದು ಬಿಸಿಲು ಬಿತ್ತು. ಕೊಳದಂಚಿನ ಫ್ಲೆಮಿಂಗೊಗಳ ಮೇಲಿನಿಂದ ಕಣ್ಣು ಹಾಯಿಸಿದರೆ ಬಂಡೆಯ ಮೇಲೆ ಮಲಗಿದ ಸಿಂಹ. ನೂರು ವರ್ಷ ದಾಟಿದ ಆ ನೋಟ ಇಂದಿಗೂ ಉಸಿರು ನಿಲ್ಲಿಸುತ್ತದೆ. ಮೃಗಾಲಯಗಳ ಚರಿತ್ರೆಯಲ್ಲಿ ಕಂಬಿಯಿಂದ ಕಂದಕಕ್ಕೆ ಬಂದ ತಿರುವು ಇಲ್ಲಿಯೇ ಆಯಿತು.

ಆದರೆ ಹಳೆಯ ಹೆಬ್ಬಾಗಿಲಿನ ಕಂಚಿನ ಪ್ರತಿಮೆಗಳನ್ನು ನೋಡಿ. ಆನೆಯ ತಲೆಗಳು, ಸಿಂಹ, ಹಿಮಕರಡಿ. ಅವುಗಳ ಜೊತೆಯಲ್ಲೇ ದೂರದ ನಾಡುಗಳ ಮನುಷ್ಯರು. ಹಾಗೆನ್‌ಬೆಕ್ 1874ರಿಂದ ಮನುಷ್ಯರನ್ನೂ ಪ್ರದರ್ಶನಕ್ಕಿಟ್ಟ. ಮೊದಲು ಉತ್ತರ ಯೂರೋಪಿನ ಸಾಮಿ ಜನಾಂಗದ ಕುಟುಂಬಗಳು ಹಿಮಸಾರಂಗಗಳೊಡನೆ ಬಂದವು. 1880ರಲ್ಲಿ ಈಗಿನ ಕೆನಡದ ಲಾಬ್ರಡಾರ್‌ನಿಂದ ಅಲ್ಲಿನ ಮೂಲನಿವಾಸಿಗಳಾದ ಎಂಟು ಮಂದಿ ಇನ್ಯುಯಿಟ್‌ರನ್ನು ಕರೆತಂದರು. ನಾವು ಮೊದಲ ದಿನ ಸುತ್ತಿದ ಬರ್ಲಿನ್ ಮೃಗಾಲಯದಲ್ಲೂ ಅವರನ್ನು ಜನರ ಮುಂದೆ ನಿಲ್ಲಿಸಲಾಗಿತ್ತು. ಅವರಿಗೆ ಸಿಡುಬಿನ ಲಸಿಕೆ ಹಾಕಿಸಿರಲಿಲ್ಲ. 1881ರ ಜನವರಿಯ ಹೊತ್ತಿಗೆ ಎಂಟು ಮಂದಿಯೂ ತೀರಿಕೊಂಡಿದ್ದರು. ಅವರಲ್ಲೊಬ್ಬರಾದ ಅಬ್ರಹಾಂ ಉಲ್ರಿಕಾಬ್ ತಮ್ಮ ಭಾಷೆಯಲ್ಲಿ ದಿನಚರಿ ಬರೆದಿದ್ದರಿಂದ ಅವರ ಸಂಕಟ ಲೋಕಕ್ಕೆ ತಿಳಿಯಿತು. ಇದನ್ನು ಮಗಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಬರ್ಲಿನ್‌ನ ಫಲಕ ಓದಿದವಳಿಗೆ ಇದನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ.

ಇನ್ನೊಂದು ವಿಷಯವನ್ನು ಹೇಳಿದವಳು ಅವಳೇ. 1901ರಲ್ಲಿ ಹಾಗೆನ್‌ಬೆಕ್‌ನ ಕಡೆಯವರು ಮಂಗೋಲಿಯದಲ್ಲಿ ತಾಖಿಯ ಮರಿಗಳನ್ನು ಅಟ್ಟಿ ಹಿಡಿದರು. ಹ್ಯಾಂಬರ್ಗ್‌ಗೆ ಜೀವಂತ ಮುಟ್ಟಿದವು 28. ದಾರಿಯಲ್ಲಿ ಸತ್ತವೂ ಅನೇಕ. ಇಂದಿನ ತಾಖಿಗಳ ಮೂಲಪುರುಷರಲ್ಲಿ ಕೆಲವು ಆ ಮರಿಗಳೇ. “ಹಾಗಾದರೆ ಅಪ್ಪ, ಇವನು ಹಿಡಿಯದಿದ್ದರೆ ಅವು ಇರುತ್ತಿರಲಿಲ್ಲವಾ? ಇಲ್ಲ, ಯಾರೂ ಹಿಡಿಯದಿದ್ದರೆ ಅಲ್ಲೇ ಇರುತ್ತಿದ್ದವಾ?” ಎಂದು ಕೇಳಿ, ಕೆಂಪಾದ ಮೂಗನ್ನು ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದಳು. ಕಾಡಿನಿಂದ ಕಿತ್ತುಕೊಂಡ ಕೈಯೂ, ಬೀಜ ಉಳಿಸಿದ ಕೈಯೂ ಒಂದೇ ಆಗಿರುವಾಗ ಹೌದು, ಇಲ್ಲ ಎನ್ನುವುದು ಸುಲಭವಲ್ಲ. ಕಿತ್ತುಕೊಂಡದ್ದು ಸಾಲ, ಕಜಕಸ್ತಾನಕ್ಕೆ ಹೋದ ಆ ಏಳು ಕುದುರೆಗಳು ಅದರ ಒಂದು ಕಂತು ಎಂದು ನಾನು ತಿಳಿದಿದ್ದೇನೆ. ಸಾಲ ತೀರಿಲ್ಲ.

ಮಧ್ಯಾಹ್ನ ತುರಿದ ಆಲೂಗಡ್ಡೆಯ ಬಿಸಿ ದೋಸೆಗೆ ಸೇಬಿನ ಗೊಜ್ಜು ಹಚ್ಚಿಕೊಂಡು ತಿಂದೆವು. ಜ್ವರ ಇಳಿದಿದ್ದ ಮಗಳು ಮೂರು ತಿಂದಳು. ಆಮೇಲೆ ವಾಲ್ರಸ್‌ಗಳ ಕೊಳದ ಗಾಜಿನ ಮುಂದೆ ಸಂಜೆಯವರೆಗೆ ಕುಳಿತೆವು. ಬೇರೇನನ್ನೂ ನೋಡುವ ಮನಸ್ಸಾಗಲಿಲ್ಲ.

ಆರನೆಯ ದಿನ: ವುಪ್ಪರ್ಟಾಲ್

ನಸುಕಿನ ರೈಲು ಹಿಡಿದು ಹನ್ನೊಂದರೊಳಗೆ ವುಪ್ಪರ್ಟಾಲ್ ತಲುಪಿದೆವು. ಈ ಊರನ್ನು ಪಟ್ಟಿಯಲ್ಲಿ ಉಳಿಸಿಕೊಂಡದ್ದು ಮೃಗಾಲಯಕ್ಕೆ ಹೋಗುವ ದಾರಿಗಾಗಿ. 1901ರಿಂದ ಓಡುತ್ತಿರುವ ಇಲ್ಲಿನ ತೂಗುರೈಲು, ವುಪ್ಪರ್ ನದಿಯ ಮೇಲೆ ಉಕ್ಕಿನ ಕಾಲುಗಳ ಮೇಲಿನ ಹಳಿಗೆ ಜೋತುಬಿದ್ದು ಸಾಗುತ್ತದೆ. ತಿರುವಿನಲ್ಲಿ ಬೋಗಿ ತೊಟ್ಟಿಲಿನಂತೆ ವಾಲುತ್ತದೆ. 1950ರ ಜುಲೈ 21ರಂದು ಸರ್ಕಸ್ಸೊಂದರ ಪ್ರಚಾರಕ್ಕಾಗಿ ಟುಫ್ಫಿ ಎಂಬ ಆನೆಮರಿಯನ್ನು ಇದರಲ್ಲಿ ಹತ್ತಿಸಿದ್ದರು. ಬೆದರಿದ ಮರಿ ಬೋಗಿಯ ಗೋಡೆ ಒಡೆದು ನದಿಗೆ ಧುಮುಕಿತು. ತರಚು ಗಾಯಗಳೊಂದಿಗೆ ಬದುಕಿತು. ಆ ಜಾಗದ ಮೇಲೆ ಹಾಯುವಾಗ ಕೆಳಗೆ ಮೊಣಕಾಲುದ್ದದ ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು. ಬದುಕಿದ್ದೇ ಹೆಚ್ಚು.

1881ರ ಈ ಮೃಗಾಲಯ ಗುಡ್ಡದ ಇಳಿಜಾರಿನಲ್ಲಿದೆ. ಮಂಡಿ ನೋವಿರುವವರು ಮೊದಲು ಮೇಲಕ್ಕೆ ಹತ್ತಿ ನಿಧಾನವಾಗಿ ಇಳಿಯುತ್ತಾ ನೋಡುವುದು ಒಳ್ಳೆಯದು. ರಾಜ ಪೆಂಗ್ವಿನ್‌ಗಳ ಕೊಳದ ಕೆಳಗಿನ ಪಾರದರ್ಶಕ ಸುರಂಗದಲ್ಲಿ ನಿಂತರೆ ಅವು ತಲೆಯ ಮೇಲೆ ಗುಂಡಿನಂತೆ ಹಾರಿಹೋಗುತ್ತವೆ. ಸಂಜೆ ಕಾಫಿಯಂಗಡಿಯಲ್ಲಿ ಬಿಸಿ ಚೆರ್ರಿ ಹಣ್ಣು ಸುರಿದ ವಾಫಲ್. ಇಲ್ಲಿ ಹೇಳಿಕೊಳ್ಳುವಷ್ಟು ಬೇರೇನೂ ನಡೆಯಲಿಲ್ಲ. ಹಿಂದಿನ ದಿನದ ಭಾರ ಇಳಿಯಿತು.

ಏಳನೆಯ ದಿನ: ಫ್ರಾಂಕ್‌ಫರ್ಟ್

ಹನ್ನೊಂದು ಹೆಕ್ಟೇರಿನ ಚಿಕ್ಕ ಜಾಗ, ಊರಿನ ನಟ್ಟನಡುವೆ. 1858ರಲ್ಲಿ ಸ್ಥಾಪನೆಯಾದ ಈ ಮೃಗಾಲಯವೂ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. 1945ರಲ್ಲಿ ಅದರ ಹೊಣೆ ಹೊತ್ತ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಜುಲೈ 1ರಂದೇ ಬಾಗಿಲು ತೆರೆದರು, 1974ರವರೆಗೆ ನಡೆಸಿದರು. ಮೃಗಾಲಯದ ಗೋಡೆಯಾಚೆಗಿನ ಕಾಡಿನ ಬಗ್ಗೆ ಯೋಚಿಸಿದವರು ಅವರು. ಆಫ್ರಿಕದ ಸೆರೆಂಗೆಟಿ ಬಯಲಿನ ಪ್ರಾಣಿಗಳನ್ನು ಪುಟ್ಟ ವಿಮಾನದಿಂದ ಎಣಿಸುವ ಕೆಲಸದಲ್ಲಿ 1959ರ ಜನವರಿಯಲ್ಲಿ ಅವರ ಮಗ ಮೈಕೆಲ್, ವಿಮಾನಕ್ಕೆ ರಣಹದ್ದೊಂದು ಬಡಿದು ತೀರಿಕೊಂಡರು. ಗೊರೊಂಗೊರೊ ಕುಳಿಯ ಅಂಚಿನಲ್ಲಿ ಮಗನ ಸಮಾಧಿ. 1987ರಲ್ಲಿ ತೀರಿಕೊಂಡ ತಂದೆಯ ಚಿತಾಭಸ್ಮವೂ ಅಲ್ಲಿಯೇ ಇದೆ. ಮಗಳ ಕೈ ಹಿಡಿದುಕೊಂಡು ಆ ಹೆಸರಿನ ಮನೆಯೊಳಗೆ ಹೋಗುವಾಗ ನನಗೆ ಮಾತು ಹೊರಡಲಿಲ್ಲ.

ಗ್ರ್ಜಿಮೆಕ್ ಮನೆ ನಿಶಾಚರ ಪ್ರಾಣಿಗಳದು. ಒಳಗೆ ಹಗಲು ರಾತ್ರಿಗಳನ್ನು ಅದಲುಬದಲು ಮಾಡಿದ್ದಾರೆ. ಹೊರಗೆ ಬೆಳಕಿರುವಾಗ ಇಲ್ಲಿ ಮಂದ ಬೆಳದಿಂಗಳು. ಬಹಳ ಮಂದಿ ಒಳಗೆ ಬಂದು ಏನೂ ಕಾಣದೆ ಎರಡೇ ನಿಮಿಷಕ್ಕೆ ಹೊರಟುಹೋಗುತ್ತಿದ್ದರು. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷವಾದರೂ ಬೇಕು. ಫೋನಿನ ಬೆಳಕು ಹೊತ್ತಿಸಿದರೆ ಮತ್ತೆ ಮೊದಲಿನಿಂದ. ನಾವು ಗೋಡೆಗೆ ಒರಗಿ ಕಾದೆವು. ಮೊದಲು ಕೊಂಬೆಗಳ ಆಕಾರ ಮೂಡಿತು, ಆಮೇಲೆ ನೆಲ. ಬಳಿಕ ಮಣ್ಣು ಕೆರೆಯುವ ಸದ್ದು. ಉದ್ದ ಕಿವಿಯ ಆರ್ಡ್‌ವಾರ್ಕ್ ಒಂದು ಮೂಲೆಯಿಂದ ಎದ್ದು ಬಂದು, ಹಂದಿಯಂತಹ ಮೂತಿಯಿಂದ ಗಾಜಿನ ಬುಡವನ್ನು ಉದ್ದಕ್ಕೂ ಮೂಸುತ್ತಾ ನಡೆಯಿತು. ಅದರ ಉಸಿರಿನಿಂದ ಗಾಜಿನ ಮೇಲೆ ಸಣ್ಣ ಮಂಜಿನ ವೃತ್ತಗಳು ಮೂಡಿ ಮಾಯವಾಗುತ್ತಿದ್ದವು.

ಪಕ್ಕದಲ್ಲಿ ಪೆನ್ಸಿಲಿನ ಸರಸರ ಸದ್ದು ಕೇಳಿಸಿತು. ಹಾಳೆ ಅವಳಿಗೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ. ಮರುದಿನ ವಿಮಾನದಲ್ಲಿ ಪುಸ್ತಕ ತೆರೆದಾಗ ಗೆರೆಗಳು ಒಂದರ ಮೇಲೊಂದು ಹತ್ತಿ ಗೋಜಲಾಗಿದ್ದವು; ಕಿವಿಗಳು ಮಾತ್ರ ಸರಿಯಾದ ಅಳತೆಯಲ್ಲಿದ್ದವು.